ಎಂತಕ್ಕಾ, ಯೂನಿಫಾರ್ಮಿಗೂ ಇಷ್ಟು ರೇಟಾ?

ಮೇ ತಿಂಗಳು ಬಂತೆಂದರೆ ದಿನಕ್ಕೆ ಹತ್ತು ಸಲ ಈ ಮಾತು ಕೇಳಬೇಕು. "ಎಂತಕ್ಕಾ, ಯೂನಿಫಾರ್ಮಿಗೂ ಇಷ್ಟು ರೇಟಾ? ಎಲ್ಲ ಒಂದೇ ಥರ ಅಲ್ವಾ? ಸುಮ್ನೆ ಹೊಲಿಯುತ್ತಾ ಹೋಗುವುದಲ್ವಾ?" ಮಂಗಳೂರಿನಲ್ಲಿ 22 ವರ್ಷದಿಂದ ಹೊಲಿಯುತ್ತಿದ್ದೇನೆ. ಮೊದಲೆಲ್ಲ ನಕ್ಕು ಐವತ್ತು ರೂಪಾಯಿ ಬಿಡುತ್ತಿದ್ದೆ. ಈಗ ಬಿಡುವುದಿಲ್ಲ. ಹೇಳಿ ಹೇಳಿ ಬಾಯಿ ನೋಯುತ್ತದೆ, ಅದಕ್ಕೆ ಬರೆದೇ ಬಿಡುತ್ತೇನೆ.

ರೇಟು ಕೇಳಿದರೆ ನನಗೆ ಬೇಜಾರಿಲ್ಲ. ದುಡ್ಡು ಕೊಡುವವರು ಕೇಳಲೇಬೇಕು. ಆ "ಸುಮ್ನೆ" ಇದೆಯಲ್ಲ, ಅದು ಚುಚ್ಚುತ್ತದೆ. ಒಂದೇ ಥರ ಇರುವುದು ಬಟ್ಟೆ, ಮಕ್ಕಳಲ್ಲ. ಐದನೇ ಕ್ಲಾಸಿನ ನಲವತ್ತು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ನೋಡಿ. ಒಬ್ಬ ನನ್ನ ಸೊಂಟಕ್ಕೆ ಬರುತ್ತಾನೆ, ಇನ್ನೊಬ್ಬ ಹೆಗಲಿಗೆ. ಒಬ್ಬಳ ಬಲ ಭುಜ ತುಸು ಇಳಿದಿರುತ್ತದೆ, ಬ್ಯಾಗು ಒಂದೇ ಕಡೆ ಹಾಕಿ ಹಾಕಿ. ಇವರೆಲ್ಲ ಅಸೆಂಬ್ಲಿಯಲ್ಲಿ ಒಂದೇ ಥರ ಕಾಣಬೇಕು ಅಂದರೆ ನಾನು ನಲವತ್ತು ಥರ ಕತ್ತರಿಸಬೇಕು. ಆ ಇಳಿದ ಭುಜಕ್ಕೆ ಕಾಲು ಇಂಚು ಸರಿ ಮಾಡದಿದ್ದರೆ ಕಾಲರ್ ಇಡೀ ದಿನ ಒಂದು ಕಡೆಗೆ ಜಾರುತ್ತದೆ. ಟೀಚರ್ ಮಗುವಿಗೆ ಬಯ್ಯುತ್ತಾರೆ.

ದೊಡ್ಡವರ ಯೂನಿಫಾರ್ಮಿನದ್ದೂ ಇದೇ ಕಥೆ. ನಮ್ಮ ರಾಜ್ಯದ ಪೊಲೀಸ್ ಮುಖ್ಯಸ್ಥೆಯಾಗಿದ್ದ ನೀಲಮಣಿ ರಾಜು ಅವರು 2018ರಲ್ಲಿ ಒಂದು ಆದೇಶ ಹೊರಡಿಸಿದರು. ಮಹಿಳಾ ಪೊಲೀಸರು ಡ್ಯೂಟಿಯಲ್ಲಿ ಸೀರೆ ಬದಲು ಖಾಕಿ ಪ್ಯಾಂಟು, ಶರ್ಟು ಹಾಕಬೇಕು ಅಂತ. ನನಗೆ ತುಂಬಾ ಖುಷಿಯಾಗಿತ್ತು. ಸೀರೆ ಉಟ್ಟು ಕಳ್ಳನ ಹಿಂದೆ ಓಡುವುದು ಹೇಗೆ ಹೇಳಿ. ಆಮೇಲೆ ಒಬ್ಬರು ಪ್ಯಾಂಟು ಹಿಡಿದುಕೊಂಡು ನನ್ನಲ್ಲಿಗೆ ಬಂದರು. ಗಂಡಸರ ಅಳತೆಯ ಲೆಕ್ಕದಲ್ಲಿ ಕತ್ತರಿಸಿದ್ದರು. ಸೊಂಟದಲ್ಲಿ ಸಡಿಲ, ಕೆಳಗೆ ಬಿಗಿ. ಕೂತರೆ ಏಳಲಾಗದು. ಬಣ್ಣ ಮಾತ್ರ ಸರಿಯಾಗಿತ್ತು.

ಆ ಖಾಕಿಯ ಕಥೆಯಲ್ಲಿ ನಮ್ಮ ಊರೂ ಇದೆ, ಇಲ್ಲಿಯವರಿಗೇ ಅದು ಗೊತ್ತಿಲ್ಲ. ಖಾಕ್ ಅಂದರೆ ಧೂಳು. ಬಿಳಿ ಬಟ್ಟೆ ಕೊಳೆಯಾಗುತ್ತದೆ, ದೂರದಿಂದ ಎದ್ದು ಕಾಣುತ್ತದೆ ಅಂತ ಪೇಶಾವರದ ಕಡೆ 1840ರ ದಶಕದಲ್ಲೇ ಬ್ರಿಟಿಷರ ಒಂದು ಪಡೆ ಧೂಳಿನ ಬಣ್ಣಕ್ಕೆ ಇಳಿದಿತ್ತು. ಇಲ್ಲಿ ಬಲ್ಮಠದಲ್ಲಿ, ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ನೇಯ್ಗೆ ಕಾರ್ಖಾನೆಯಲ್ಲಿ 1850ರ ದಶಕದಲ್ಲಿ ಜಾನ್ ಹಾಲರ್ ಎಂಬವರು ಖಾಕಿ ಬಣ್ಣ ತಯಾರಿಸಿದರು. ಆಟೋದವರ ಅಂಗಿ ಹೊಲಿಯುವಾಗ ನನಗೆ ಅದು ನೆನಪಾಗುತ್ತದೆ. ಕೊಳೆ ಕಾಣಬಾರದು ಅಂತ ಹುಟ್ಟಿದ ಬಣ್ಣ. ಕೆಲಸ ಮಾಡುವವರ ಬಣ್ಣ.

ಶಾಲೆಯ ಯೂನಿಫಾರ್ಮು ಇನ್ನೂ ಹಳೆಯದು. ಲಂಡನ್ನಿನಲ್ಲಿ 1552ರಲ್ಲಿ ಬಡ ಮಕ್ಕಳಿಗೆ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆ ಶುರುವಾಯಿತು. ಮಕ್ಕಳಿಗೆ ಉದ್ದ ನೀಲಿ ಕೋಟು ಕೊಟ್ಟರು. ಅಂದರೆ ಅದು ಕೊಟ್ಟ ಬಟ್ಟೆ. ಅಪ್ಪ ಅಮ್ಮನ ಜೇಬಿನಿಂದ ಕಿತ್ತ ಬಟ್ಟೆಯಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲೂ ವಿದ್ಯಾವಿಕಾಸ ಯೋಜನೆಯಲ್ಲಿ ಬಟ್ಟೆ ಪುಕ್ಕಟೆ. ಉಳಿದ ಶಾಲೆಗಳಿಗೆ ಮಕ್ಕಳನ್ನು ಕಳಿಸುವವರ ಕಷ್ಟ ಬೇರೆ.

ಅಂಥ ಒಬ್ಬರ ಬಗ್ಗೆ ಹೇಳಬೇಕು. ಬೀಡಿ ಕಟ್ಟುವ ಹೆಂಗಸು. ಮಗಳನ್ನು ಐದನೇ ಕ್ಲಾಸಿಗೆ ಇಂಗ್ಲಿಷ್ ಮೀಡಿಯಂಗೆ ಹಾಕಿದ್ದರು. ಶಾಲೆಯವರು ಹೇಳಿದ ಅಂಗಡಿಯಿಂದಲೇ ತಂದ ಕಡು ನೀಲಿ ಬಟ್ಟೆ. ಆಕೆ ರೇಟು ಕೇಳಲೇ ಇಲ್ಲ. "ಅಕ್ಕಾ, ಒಳಗೆ ಎಷ್ಟು ಬಟ್ಟೆ ಬಿಡ್ತೀರಿ?" ಅಂದರು. 22 ವರ್ಷದಲ್ಲಿ ನನಗೆ ಯಾರೂ ಕೇಳದ ಪ್ರಶ್ನೆ. ನಾನು ಲಂಗದ ಅಂಚಿನಲ್ಲಿ ನಾಲ್ಕೂವರೆ ಇಂಚು ಬಿಟ್ಟೆ. ನೆರಿಗೆ ಲಂಗಕ್ಕೆ ಅಷ್ಟು ದಪ್ಪ ಮಡಿಕೆ ಕೂರಿಸುವುದು ಸುಲಭವಲ್ಲ. ಪ್ರತಿ ನೆರಿಗೆಯನ್ನೂ ಬೇರೆ ಬೇರೆ ಇಸ್ತ್ರಿ ಮಾಡಿ ಕೈಹೊಲಿಗೆ ಹಾಕಬೇಕು. ಅರ್ಧ ದಿನ ಹೋಯಿತು.

ಮುಂದಿನ ಮೇಯಲ್ಲಿ ಅದೇ ಲಂಗ ವಾಪಸ್ ಬಂತು. ಬ್ಲೇಡಿನಿಂದ ನೂಲು ಬಿಚ್ಚಿ ಒಂದೂವರೆ ಇಂಚು ಇಳಿಸಿದೆ. ಮೇಲಿನ ಬಟ್ಟೆ ಒಗೆದು ಒಗೆದು ಬೂದಿ ಬಣ್ಣಕ್ಕೆ ತಿರುಗಿತ್ತು. ಮಡಿಕೆಯೊಳಗಿಂದ ಬಂದ ಪಟ್ಟಿ ಮಾತ್ರ ಹೊಸದರ ಹಾಗೆ ಕಡು ನೀಲಿ. ಲಂಗ ಇಳಿಸಿದ್ದಾರೆ ಅಂತ ಯಾರಾದರೂ ಹೇಳಬಹುದಿತ್ತು. ಆ ಗೆರೆ ಮುಚ್ಚಲು ಅದರ ಮೇಲೆ ಸಣ್ಣ ಟಕ್ ಹಿಡಿದೆ, ಅಂದರೆ ಬಟ್ಟೆಯನ್ನು ಸಣ್ಣಗೆ ಮಡಚಿ ಹೊಲಿದೆ. ಹುಡುಗಿ ಹಾಕಿಕೊಂಡು ಕನ್ನಡಿ ಮುಂದೆ ಒಂದು ಸುತ್ತು ತಿರುಗಿದಳು. "ಡಿಸೈನ್ ಚೆಂದ ಉಂಟು" ಅಂದಳು. ಅಮ್ಮ ನನ್ನ ಮುಖ ನೋಡಿದರು. ಏನೂ ಹೇಳಲಿಲ್ಲ.

ಯೂನಿಫಾರ್ಮಿದ್ದರೆ ಬಡವ ಶ್ರೀಮಂತ ಒಂದೇ ಥರ ಕಾಣುತ್ತಾರೆ ಅನ್ನುತ್ತಾರಲ್ಲ, ಅದು ತಾನಾಗಿಯೇ ಆಗುವುದಿಲ್ಲ. ಯಾರಾದರೂ ಕೂತು ಆ ಗೆರೆ ಮುಚ್ಚಬೇಕು. ನೀವು ಕೇಳುವ ರೇಟು ಅದಕ್ಕೆ.

ಎರಡು ವರ್ಷ ಹೀಗೆ ನಡೆಯಿತು. ಹುಡುಗಿ ಏಳನೇ ಕ್ಲಾಸಿಗೆ ಹೋಗುವ ವರ್ಷ, ಏಪ್ರಿಲಿನಲ್ಲಿ ಶಾಲೆಯಿಂದ ಚೀಟಿ ಬಂತು. ಜೂನಿನಿಂದ ಹೊಸ ಯೂನಿಫಾರ್ಮು, ಚೌಕಳಿ ಬಟ್ಟೆ, ಇಂಥದೇ ಅಂಗಡಿಯಲ್ಲಿ ಸಿಗುತ್ತದೆ. ಆ ಲಂಗದೊಳಗೆ ಇನ್ನೂ ಮೂರು ಇಂಚು ಇತ್ತು.

ನನಗೆ ಆಮೇಲೆ ಗೊತ್ತಾಯಿತು. ಇದಕ್ಕೆ ನಿಯಮವೇ ಇದೆ. ಕರ್ನಾಟಕ ಶಿಕ್ಷಣ ಸಂಸ್ಥೆಗಳ 1995ರ ನಿಯಮಗಳಲ್ಲಿ 11ನೇ ನಿಯಮ. ಒಮ್ಮೆ ಗೊತ್ತುಮಾಡಿದ ಯೂನಿಫಾರ್ಮನ್ನು ಐದು ವರ್ಷ ಬದಲಾಯಿಸುವ ಹಾಗಿಲ್ಲ. ಬದಲಾಯಿಸುವುದಾದರೆ ಪೋಷಕರಿಗೆ ಕನಿಷ್ಠ ಒಂದು ವರ್ಷ ಮೊದಲೇ ತಿಳಿಸಬೇಕು. ಎರಡು ತಿಂಗಳಲ್ಲ, ಒಂದು ವರ್ಷ. ನನ್ನ ಹತ್ತಿರ ಐವತ್ತು ರೂಪಾಯಿಗೆ ಅರ್ಧ ಗಂಟೆ ಚೌಕಾಸಿ ಮಾಡುವವರು ಶಾಲೆಯ ಮೀಟಿಂಗಿನಲ್ಲಿ ಎದ್ದು ನಿಂತು ಇದೊಂದನ್ನು ಕೇಳಿ. ಹೊಸ ಬಟ್ಟೆಗೆ ಹೋಗುವ ದುಡ್ಡಿನ ಮುಂದೆ ನನ್ನ ಕೂಲಿ ಯಾವ ಲೆಕ್ಕ?

ಆ ಅಮ್ಮನಿಗೆ ಇದನ್ನು ಹೇಳುವ ಹೊತ್ತಿಗೆ ತಡವಾಗಿತ್ತು. ಚೌಕಳಿ ಬಟ್ಟೆ ತಂದಾಗಿತ್ತು. ಅದರ ಜೊತೆ ಹಳೇ ಲಂಗವನ್ನೂ ತಂದಿದ್ದರು. ಬ್ರಾಂಚಿಗೆ, ಅಂದರೆ ಕಟ್ಟಿದ ಬೀಡಿ ಕೊಡುವ ಜಾಗಕ್ಕೆ, ಬೀಡಿ ಕೊಂಡುಹೋಗಲು ಒಂದು ಚೀಲ ಹೊಲಿದು ಕೊಡಿ ಅಂದರು. ನೆರಿಗೆ ಬಿಡಿಸಿದೆ, ಟಕ್ ಬಿಚ್ಚಿದೆ. ಉಳಿದ ಮಡಿಕೆಯನ್ನೂ ಪೂರ್ತಿ ಬಿಚ್ಚಿದೆ. ಚೀಲದ ತಳಕ್ಕೆ ಆ ಗಟ್ಟಿ ಬಟ್ಟೆಯನ್ನೇ ಹಾಕಿದೆ.