ಏರ್ ಸಸ್ಪೆನ್ಷನ್ ಗಾಡಿ ತಗ್ಗಿಸಿದರೆ ಬೇಗ ಹಾಳಾಗುತ್ತಾ?

ಶಿವಮೊಗ್ಗದ ಸಾಗರ ರಸ್ತೆಯಲ್ಲಿ ಸಸ್ಪೆನ್ಷನ್ ಕೆಲಸ ಮಾಡುವ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಏರ್ ಸಸ್ಪೆನ್ಷನ್ ಅಂದರೆ ಚಕ್ರದ ಮೇಲೆ ಕಬ್ಬಿಣದ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲ ಗಾಡಿಯನ್ನು ಹೊತ್ತಿರುತ್ತದೆ. "ಅಣ್ಣ, ಗಾಳಿ ಮೇಲೆ ನಿಂತಿರೋ ಗಾಡಿ ಅಲ್ವಾ, ಒಂದಿಂಚು ಇಳಿಸಿದ್ರೆ ಏನಾಗುತ್ತೆ? ಗಾಳಿ ಕಮ್ಮಿ ಆದ್ರೆ ಚೀಲಕ್ಕೆ ಭಾರಾನೂ ಕಮ್ಮಿ ತಾನೇ?"

ಅಲ್ಲ. ಗಾಡಿಯ ತೂಕ ಅಷ್ಟೇ ಇರುತ್ತದೆ, ಅದನ್ನು ಹೊರುವ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಕಮ್ಮಿಯಾಗುವುದು ಚೀಲದೊಳಗಿನ ಜಾಗ. ಗುಂಡಿಗೆ ಬಿದ್ದಾಗ ಚಕ್ರ ಮೇಲೇಳಲು ದಾರಿ ಸಾಲುವುದಿಲ್ಲ, ಹೋಗಿ ಬಂಪ್ ಸ್ಟಾಪಿಗೆ, ಅಂದರೆ ಕೊನೆಗೆ ತಡೆಯುವ ರಬ್ಬರ್ ಗಟ್ಟಿಗೆ, ಬಡಿಯುತ್ತದೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಭಾರವೆಲ್ಲ ಹೊರಬದಿಯ ಚಕ್ರಕ್ಕೆ ವಾಲುತ್ತದಲ್ಲ, ಮೊದಲೇ ಕುಗ್ಗಿದ ಚೀಲ ಆಗ ಇನ್ನಷ್ಟು ಜಜ್ಜಿಹೋಗುತ್ತದೆ.

ತಗ್ಗಿಸುವವರು ಸಾಮಾನ್ಯವಾಗಿ ಚೀಲ ಮುಟ್ಟುವುದೇ ಇಲ್ಲ. ಎತ್ತರ ಅಳೆಯುವ ಸೆನ್ಸರಿನ ಕಡ್ಡಿ ಬದಲಿಸುತ್ತಾರೆ. ಗಾಡಿ ಮೇಲಿದೆ ಅಂತ ನಂಬಿ ಕಂಪ್ಯೂಟರ್ ಗಾಳಿ ಬಿಡುತ್ತದೆ. ಗಾಡಿ ಎತ್ತರಿಸುವ ಲಿಫ್ಟ್ ಬಟನ್ ಒತ್ತಿದರೂ ಅದೇ ತಪ್ಪು ಲೆಕ್ಕ, ತೋಟದ ದಾರಿಯಲ್ಲಿ ಬೇಕಾದಾಗ ಮೊದಲಿನಷ್ಟು ಏಳುವುದಿಲ್ಲ.

ನಿಜವಾದ ಪೆಟ್ಟು ರಬ್ಬರಿಗೆ. ಚೀಲದ ಕೆಳತುದಿ, ಕಾಲುಚೀಲದ ಬಾಯಿ ಮಡಚಿದ ಹಾಗೆ, ಒಳಕ್ಕೆ ಮಡಚಿಕೊಂಡು ಪಿಸ್ಟನ್ ಅನ್ನುವ ಕೆಳಗಿನ ಗಟ್ಟಿ ಕೊಳವೆಯ ಮೇಲೆ ಉರುಳುತ್ತಿರುತ್ತದೆ. ಗಾಡಿ ತಗ್ಗಿದರೆ ಮಡಿಕೆ ಇನ್ನೂ ಕೆಳಗೆ ಕೂರುತ್ತದೆ, ದಿನವಿಡೀ ಅಲ್ಲೇ ಬಾಗುತ್ತದೆ. ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯಿಂದ ಒಂದು ಗಾಡಿ ಬಂತು, ಹಿಂದಿನ ಎಡಬದಿ ಬೆಳಗಾಗುವಷ್ಟರಲ್ಲಿ ಕೂತುಬಿಡುತ್ತಿತ್ತು. ಚಕ್ರ ಬಿಚ್ಚಿದರೆ ಮಡಿಕೆಯೊಳಗೆ ಕೆಮ್ಮಣ್ಣು ಪಟ್ಟಿಯಾಗಿ ಒಣಗಿತ್ತು, ಬೆರಳಲ್ಲಿ ಕೆರೆದರೆ ಎಮರಿ ಪೇಪರಿನ ಹಾಗೆ ತರಿತರಿ. ತೊಳೆದು ಸೋಪಿನ ನೊರೆ ಬಳಿದೆ. ಮಡಿಕೆಯ ಗೆರೆಯಲ್ಲಿ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದೊಂದೇ ಎದ್ದವು. ಆ ಗುಳ್ಳೆ ನೋಡಿ ಮಾಲೀಕರ ಮುಖ ಸಪ್ಪಗಾಯಿತು, ನನಗೂ ಬೇಜಾರಾಯಿತು, ಏಕೆಂದರೆ ಗಾಡಿಯನ್ನು ಅವರು ಮಗುವಿನ ಹಾಗೆ ನೋಡಿಕೊಂಡಿದ್ದರು.

ಚೀಲ ಸೋರಿದರೆ ಅದಕ್ಕೆ ಗಾಳಿ ತುಂಬುವ ಕಂಪ್ರೆಸರ್ ಪದೇಪದೇ ಓಡುತ್ತದೆ. ಅದು ಸ್ವಲ್ಪ ಹೊತ್ತು ಓಡಿ ನಿಲ್ಲಲು ಮಾಡಿದ ಯಂತ್ರ, ಬಿಡುವಿಲ್ಲದೆ ಓಡಿದರೆ ಕಾದು ಒಳಗಿನ ರಿಂಗ್ ಸವೆಯುತ್ತದೆ. ಗಾಳಿಯ ತೇವ ಹೀರುವ ಡ್ರೈಯರ್ ಕಾಳುಗಳು ನಮ್ಮ ಮಳೆಯಲ್ಲಿ ಮೊದಲೇ ಸೋತಿರುತ್ತವೆ. ಹಾಗಾಗಿ ಒಂದು ಚೀಲದ ಖರ್ಚು ಅಂತ ಬಂದವರಿಗೆ ಕಂಪ್ರೆಸರ್ ಖರ್ಚೂ ಹತ್ತಿಕೊಳ್ಳುತ್ತದೆ.

"ಐರಾವತ ಬಸ್ಸಲ್ಲೂ ಗಾಳಿ ಚೀಲಾನೇ ಅಲ್ವಾ, ಅದು ಓಡಲ್ವಾ?" ಅಂತ ಕೇಳುವವರೂ ಇದ್ದಾರೆ. ಓಡುತ್ತದೆ, ಕಂಪನಿ ಇಟ್ಟ ಎತ್ತರದಲ್ಲಿ. ಕೆಲವು ಕಾರುಗಳು ಹೈವೇಯಲ್ಲಿ ವೇಗ ಹೆಚ್ಚಿದಾಗ ತಾವಾಗಿ ತಗ್ಗುವುದೂ ನಿಜ, ಆದರೆ ವೇಗ ಇಳಿದ ಮೇಲೆ ಮತ್ತೆ ಏಳುತ್ತವೆ. ಹೊಸನಗರದ ಗುಂಡಿಗಳಲ್ಲಿ ಇಡೀ ದಿನ ತಗ್ಗಿ ಓಡುವುದು ಬೇರೆ ಮಾತು.

ಈಗಾಗಲೇ ತಗ್ಗಿಸಿದ್ದರೆ ಹಳೆ ಕಡ್ಡಿ ಹಾಕಿಸಿ, ಎತ್ತರ ಕ್ಯಾಲಿಬ್ರೇಟ್ ಮಾಡಿಸಿ, ಅಂದರೆ ಕಂಪ್ಯೂಟರಿಗೆ ಸರಿಯಾದ ಎತ್ತರ ಮತ್ತೆ ಗುರುತು ಹಾಕಿಸಿ. ಚಕ್ರ ಬಿಚ್ಚಿದಾಗಲೆಲ್ಲ ಮಡಿಕೆಯನ್ನು ಸಾದಾ ನೀರಲ್ಲಿ ತೊಳೆಸಿ. ಪೂರ್ತಿ ಕೂತ ಗಾಡಿಯನ್ನು "ಹತ್ತಿರಾನೇ ಅಲ್ವಾ" ಅಂತ ಓಡಿಸಬೇಡಿ, ಚೀಲ ಅಡ್ಡಾದಿಡ್ಡಿ ಮಡಚಿ ಅಲ್ಲೇ ಹರಿಯುತ್ತದೆ. ಇನ್ನೊಂದು, ರಾತ್ರಿ ಗಾಡಿ ನಿಲ್ಲಿಸಿ ಚಕ್ರದ ನಡುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಟೇಪ್ ಹಿಡಿದು ಬರೆದಿಡಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲೇ ಮತ್ತೆ ಅಳೆಯಿರಿ. ಒಂದೇ ಮೂಲೆ ಇಳಿದಿದ್ದರೆ ಅದೇ ವಾರ ತೋರಿಸಿ.