ಸ್ಪೇರ್ಸ್‌ಗೆ ಕಾಲಂ ಇಲ್ಲ

ಫಿಯೆಟ್ ಲಿನಿಯಾ ಗೇಟಿನೊಳಗೆ ಬಂತು ಅಂದರೆ ಹಳೇ ಕಾರು ಕೊಂಡು ಮಾರುವ ನಮ್ಮ ಯಾರ್ಡಿನಲ್ಲಿ ಯಾರ ಮುಖವೂ ಅರಳುವುದಿಲ್ಲ. ಸ್ವಿಫ್ಟ್ ಬಂದರೆ ತೊಳೆಯುವ ಮೊದಲೇ ಬ್ರೋಕರ್‌ಗಳ ಫೋನ್ ಶುರು. ಲಿನಿಯಾ ಮಾತ್ರ ಧೂಳು ತಿನ್ನುತ್ತಾ ನಿಂತಿರುತ್ತದೆ. 2009ರಲ್ಲಿ ಇಲ್ಲಿ ರಸ್ತೆಗಿಳಿದ ಕಾರು ಅದು. ಹತ್ತು ವರ್ಷ ಆಗುವಷ್ಟರಲ್ಲಿ ಫಿಯೆಟ್ ಹೆಸರಿನ ಕಾರುಗಳ ಮಾರಾಟವೇ ದೇಶದಲ್ಲಿ ನಿಂತುಹೋಯಿತು. "ಸ್ಪೇರ್ಸ್ ಸಿಗಲ್ಲ" ಅನ್ನುವ ಒಂದೇ ಮಾತಿಗೆ ಗಿರಾಕಿ ಹಿಂದೆ ಸರಿಯುತ್ತಾನೆ.

ಎಂಜಿನ್ ವಿಷಯದಲ್ಲಿ ಆ ಮಾತು ಅರ್ಧ ಸುಳ್ಳು. ಇದರ 1.3 ಮಲ್ಟಿಜೆಟ್ ಡೀಸೆಲ್ ಎಂಜಿನ್ನೇ ಸ್ವಿಫ್ಟ್, ಡಿಜೈರ್, ಎರ್ಟಿಗಾ, ಟಾಟಾ ಮಾಂಜಾ ಎಲ್ಲದರಲ್ಲೂ ಇತ್ತು. ಫಿಲ್ಟರ್, ಟೈಮಿಂಗ್ ಚೈನ್ ಹುಡುಕಲು ಬೆವರು ಸುರಿಸಬೇಕಿಲ್ಲ. ಸ್ವಿಫ್ಟ್‌ನ ಟರ್ಬೊ ಮಾತ್ರ ಇದಕ್ಕೆ ಆಗುವುದಿಲ್ಲ. ಲಿನಿಯಾದ್ದು 90 ಎಚ್‌ಪಿ ಆಸುಪಾಸಿನ ವಿಜಿಟಿ (ಹೊಗೆಯ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವ ಟರ್ಬೊ), ಅದಕ್ಕೆ ಎರ್ಟಿಗಾ ಕಡೆ ನೋಡಬೇಕು. ನಿಜವಾದ ತಲೆನೋವು ಬಾಡಿ, ಸಸ್ಪೆನ್ಷನ್ ಪಾರ್ಟ್ಸ್‌ದು. ಹೆಡ್‌ಲ್ಯಾಂಪ್, ಡೋರ್ ಹ್ಯಾಂಡಲ್, ಪವರ್ ವಿಂಡೋ ಸ್ವಿಚ್, ಲೋವರ್ ಆರ್ಮ್. ಇವನ್ನು ಮಾರುತಿ ಕೌಂಟರ್‌ನಲ್ಲಿ ಕೇಳಿದರೆ ನಗುತ್ತಾರೆ.

ಬೆಳ್ಳಿ ಬಣ್ಣದ 2013ರ ಒಂದು ಲಿನಿಯಾವನ್ನು ತಂದವರು ಬೆಂಗಳೂರು ರಾಜಾಜಿನಗರದ ಒಬ್ಬ ನಿವೃತ್ತ ಎಂಜಿನಿಯರ್. ಸಿಂಗಲ್ ಓನರ್. ಡೀಸೆಲ್ ಹಾಕಿಸಿದ ಲೆಕ್ಕವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡುವ ಪೈಕಿ. ಇನ್ಸ್‌ಪೆಕ್ಷನ್ ಮಾಡಿದೆ. ಬಾನೆಟ್ ಕೆಳಗಿನ ಏಪ್ರನ್ ತಗಡು ಒರಿಜಿನಲ್, ಬಾನೆಟ್ ಬೋಲ್ಟಿಗೆ ಸ್ಪ್ಯಾನರ್ ಬಿದ್ದ ಗುರುತಿಲ್ಲ, ಪೇಂಟ್ ಮೀಟರ್ ಎಲ್ಲೂ ಏರಲಿಲ್ಲ, ಅಂದರೆ ಮರುಪೇಂಟ್ ಆಗಿಲ್ಲ. ಎಂಜಿನ್ ಓಡುವಾಗ ಆಯಿಲ್ ಕ್ಯಾಪ್ ಬಿಚ್ಚಿ ಮಗುಚಿಟ್ಟರೆ ಅದು ಕುಣಿಯಲೂ ಇಲ್ಲ, ಅಂದರೆ ಎಂಜಿನ್ ಸವೆದಿಲ್ಲ. ಇಷ್ಟು ಕ್ಲೀನ್ ಗಾಡಿ ನಮ್ಮಲ್ಲಿಗೆ ಬರುವುದೇ ಅಪರೂಪ.

ಆಮೇಲೆ ಅವರು ಡಿಕ್ಕಿ ತೆಗೆದರು. ಒಳಗೊಂದು ಹಳೇ ತಗಡಿನ ಟ್ರಂಕ್. ಸೀಲ್ ಒಡೆಯದ ಹೆಡ್‌ಲ್ಯಾಂಪ್ ಜೋಡಿ, ಮೂರು ಡೋರ್ ಹ್ಯಾಂಡಲ್, ಎರಡು ಲೋವರ್ ಆರ್ಮ್, ಸ್ವಿಚ್ ಪ್ಯಾನೆಲ್, ವೈಪರ್ ಲಿಂಕೇಜ್, ಒಂದು ಕ್ಲಚ್ ಸೆಟ್. ಪ್ರತಿಯೊಂದಕ್ಕೂ ಬಿಲ್ ಪಿನ್ ಮಾಡಿತ್ತು.

"ಗಾಡಿಗೆ ನಿಮ್ಮ ಆ್ಯಪ್ ಏನು ಹೇಳುತ್ತೋ ಹೇಳಲಿ. ಇದಕ್ಕೆ ನೀವೇ ಒಂದು ರೇಟ್ ಹೇಳಿ" ಅಂದರು.

ಆ್ಯಪ್‌ನಲ್ಲಿ ಸ್ಟೆಪ್ನಿಗೆ ಕಾಲಂ ಇದೆ, ಜ್ಯಾಕ್‌ಗೆ ಇದೆ, ಫ್ಲೋರ್ ಮ್ಯಾಟ್‌ಗೂ ಇದೆ. ಸ್ಪೇರ್ಸ್‌ಗೆ ಇಲ್ಲ. "ಅದಕ್ಕೆ ಬೇರೆ ರೇಟ್ ಬರಲ್ಲ ಸರ್, ಬೇಕಿದ್ದರೆ ಮನೆಗೆ ತಗೊಂಡು ಹೋಗಿ" ಅಂದೆ. ಗಾಡಿ ಇಲ್ಲದ ಮನೆಗೆ ಅದರ ಹೆಡ್‌ಲ್ಯಾಂಪ್ ಒಯ್ದು ಏನು ಮಾಡುತ್ತಾರೆ? ಟ್ರಂಕ್ ಬಿಟ್ಟೇ ಹೋದರು. ಫೋಟೋ ತೆಗೆಯುವ ಹುಡುಗ ಡಿಕ್ಕಿಯ ಫೋಟೋವನ್ನು ಟ್ರಂಕ್ ಸಮೇತ, ಮುಚ್ಚಳ ತೆರೆದೇ ತೆಗೆದು ಲಿಸ್ಟಿಂಗ್‌ಗೆ ಹಾಕಿದ್ದ. ನಾನು ಅದನ್ನು ಗಮನಿಸಿರಲೇ ಇಲ್ಲ.

ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ನಮ್ಮ ಕಡೆ ಸೈಕಲ್ ತಗೊಳ್ಳುವುದಕ್ಕೂ ಜನ ಹಿಂದೆಮುಂದೆ ನೋಡುತ್ತಾರೆ. ಸ್ಟಾಕ್ ಶೀಟಿನಲ್ಲಿ ಲಿನಿಯಾ ಕೆಂಪಗಾಯಿತು. ಮ್ಯಾನೇಜರ್ ದಿನಾ ಬೆಳಿಗ್ಗೆ ಏಜಿಂಗ್ (ಯಾವ ಗಾಡಿ ಎಷ್ಟು ದಿನದಿಂದ ನಿಂತಿದೆ ಅನ್ನುವ ಲೆಕ್ಕ) ಓದುತ್ತಾ ನನ್ನ ಮುಖ ನೋಡುವುದು. ಗಾಡಿಯಲ್ಲಂತೂ ಕಾಸು ಹುಟ್ಟುತ್ತಿಲ್ಲ, ಟ್ರಂಕಿನಲ್ಲಾದರೂ ಒಂದಿಷ್ಟು ಹುಟ್ಟಲಿ ಅಂತ ಜೆ.ಸಿ. ರೋಡಿನ ಪರಿಚಯದ ಸ್ಪೇರ್ಸ್ ಅಂಗಡಿಗೆ ಅದನ್ನು ಸಾಗಿಸಿದೆ. ಒಟ್ಟಿಗೆ ಒಂದು ರೇಟು. ಬಿಲ್‌ಗಳನ್ನೂ ಅವರಿಗೇ ಕೊಟ್ಟೆ. ಗಾಡಿಯನ್ನು ಮಾರಾಟಕ್ಕೆ ಸಜ್ಜು ಮಾಡಿದ ಖರ್ಚು ಅದರಲ್ಲೇ ಹೊರಟಿತು ಅಂತ ಮೀಟಿಂಗ್‌ನಲ್ಲಿ ಹೇಳಿಕೊಂಡದ್ದೂ ಆಯಿತು.

ಅದೇ ವಾರ ಶಿವಮೊಗ್ಗದಿಂದ ಫೋನ್ ಬಂತು. ಟೋಕನ್ ಅಡ್ವಾನ್ಸ್ ಆನ್‌ಲೈನ್‌ನಲ್ಲೇ ಹಾಕಿದರು. ಭಾನುವಾರ ಬೆಳಿಗ್ಗೆ ಮೆಕ್ಯಾನಿಕ್ ಸಮೇತ ಬಂದಿಳಿದರು. ಆಷಾಢದಲ್ಲಿ, ಅದೂ ಲಿನಿಯಾ ಹುಡುಕಿಕೊಂಡು ಅಷ್ಟು ದೂರದಿಂದ ಬಂದಿದ್ದಾರೆ ಅಂದರೆ ರೇಟ್ ಇಳಿಸುವ ಪ್ರಶ್ನೆಯೇ ಇಲ್ಲ ಅಂತ ನಾನು ಲೆಕ್ಕ ಹಾಕಿದ್ದೆ.

ಮೆಕ್ಯಾನಿಕ್ ಮಾತಿಲ್ಲದ ಮನುಷ್ಯ. ಕೋಲ್ಡ್ ಸ್ಟಾರ್ಟ್ ನೋಡಿದ. ಡೋರ್ ಬೀಡಿಂಗ್ ಎತ್ತಿ ಪಿಲ್ಲರ್ ನೋಡಿದ. ಟೈರಿನ ಮೇಲೆ ಅದು ತಯಾರಾದ ವಾರ, ವರ್ಷ ಹೇಳುವ ನಾಲ್ಕಂಕಿ ಓದಿದ. ಟೆಸ್ಟ್ ಡ್ರೈವ್ ಮುಗಿಸಿ ಬಂದು ತಲೆ ಆಡಿಸಿದ. ನಾನು ಆಗಲೇ ಮಾಲೀಕತ್ವ ಬದಲಿಸುವ ಫಾರಂ 29, 30 ತೆಗೆದು ಟೇಬಲ್ ಮೇಲೆ ಇಟ್ಟಿದ್ದೆ.

"ಡಿಕ್ಕಿ ತೆಗೀರಿ" ಅಂದರು ಗಿರಾಕಿ.

ತೆಗೆದೆ. ನೀಟಾಗಿ ವ್ಯಾಕ್ಯೂಮ್ ಮಾಡಿದ ಖಾಲಿ ಡಿಕ್ಕಿ. ಒಳ್ಳೇ ದೊಡ್ಡ ಡಿಕ್ಕಿ ಬೇರೆ ಆ ಕಾರಿಂದು, ಖಾಲಿತನವೂ ದೊಡ್ಡದಾಗಿಯೇ ಕಂಡಿತು. ಅವರು ಜೇಬಿನಿಂದ ಫೋನ್ ತೆಗೆದು ನಮ್ಮದೇ ಲಿಸ್ಟಿಂಗ್ ಫೋಟೋವನ್ನು ಜೂಮ್ ಮಾಡಿ ನನ್ನ ಮುಂದೆ ಹಿಡಿದರು.

"ಈ ಟ್ರಂಕ್ ಎಲ್ಲಿ?"

"ಅದು... ಗಾಡಿ ಜೊತೆ ಬರಲ್ಲ ಸರ್."

"ಲಿನಿಯಾ ನನ್ನ ಮನೇಲೂ ಒಂದಿದೆ ಕಣ್ರೀ. ಹೆಡ್‌ಲ್ಯಾಂಪ್ ಒಡೆದು ನಿಂತಿದೆ. ಈ ಟ್ರಂಕ್ ನೋಡಿಯೇ ಟೋಕನ್ ಹಾಕಿದ್ದು. ಎರಡು ಗಾಡಿಗೂ ಆಗುತ್ತೆ ಅಂತ."

ನಾನು ಫೋನ್ ಎತ್ತಿಕೊಂಡು ಶೆಡ್ಡಿನ ಹಿಂದೆ ಹೋದೆ. ಭಾನುವಾರ, ಜೆ.ಸಿ. ರೋಡಿನಲ್ಲಿ ಶಟರ್ ಎಳೆದಿದೆ. ಅಂಗಡಿಯವರು ಒಂದು ಸಲ ಎತ್ತಲಿಲ್ಲ, ಇನ್ನೊಂದು ಸಲ ಕಟ್ ಮಾಡಿದರು. ಇತ್ತ ಗಿರಾಕಿ ಗಾಡಿಗೆ ಒರಗಿ ನಿಂತು ವಾಚ್ ನೋಡುತ್ತಿದ್ದಾರೆ. ಮೆಕ್ಯಾನಿಕ್ ಮೊದಲ ಸಲ ಬಾಯಿ ಬಿಟ್ಟು "ಟೋಕನ್ ವಾಪಸ್ ಕೇಳಿ ಅಣ್ಣಾ" ಅಂದದ್ದು ನನಗೂ ಕೇಳಿಸಿತು. ಕೊನೆಗೂ ಅಂಗಡಿಯವರು ಫೋನ್ ಎತ್ತಿದರು. ಹೆಡ್‌ಲ್ಯಾಂಪ್ ಜೋಡಿ ಕೊಯಮತ್ತೂರಿನ ಪಾರ್ಟಿಗೆ ಹೋಗಿಯಾಗಿದೆ. ಉಳಿದದ್ದು ಗೋಡೌನ್‌ನಲ್ಲಿದೆ, ಆದರೆ "ಈಗ ರೇಟ್ ಬೇರೆ." ನಾನು ಇಡೀ ಟ್ರಂಕ್ ಮಾರಿದ ದುಡ್ಡಿಗಿಂತ ಅವರು ಅರ್ಧ ಟ್ರಂಕಿಗೆ ಕೇಳಿದ್ದು ಜಾಸ್ತಿ. ಚೌಕಾಸಿ ಮಾಡಲು ನನ್ನ ಹತ್ತಿರ ಬಾಯಿಯೇ ಇರಲಿಲ್ಲ.

ಗಿರಾಕಿ ಗಲಾಟೆ ಮಾಡಲಿಲ್ಲ. ಉಳಿದ ಸಾಮಾನು ಸಂಜೆಯೊಳಗೆ ಡಿಕ್ಕಿಯಲ್ಲಿರಬೇಕು, ಹೆಡ್‌ಲ್ಯಾಂಪ್ ಲೆಕ್ಕದಲ್ಲಿ ಗಾಡಿಯ ರೇಟ್ ಇಳಿಯಬೇಕು ಅಂದರು. ಮ್ಯಾನೇಜರ್‌ಗೆ ಫೋನ್ ಮಾಡಿದೆ.

"ಟ್ರಂಕ್ ಸಿಸ್ಟಂನಲ್ಲೇ ಇಲ್ಲ. ಇಲ್ಲದ ಸಾಮಾನಿಗೆ ಡಿಸ್ಕೌಂಟ್ ಹೇಗ್ರೀ ಅಪ್ರೂವ್ ಮಾಡ್ಲಿ?"

ಕೊನೆಗೆ ಸಿಸ್ಟಂ ಒಪ್ಪುವ ಕಾರಣಗಳ ಪಟ್ಟಿಯಿಂದ 'ಫೆಸ್ಟಿವಲ್ ಆಫರ್' ಆರಿಸಿ ಪಾಸ್ ಮಾಡಿದರು. ಆಷಾಢದಲ್ಲಿ ಯಾವ ಹಬ್ಬ ಅಂತ ಅಕೌಂಟ್ಸ್‌ನವರು ಇವತ್ತಿನವರೆಗೆ ಕೇಳಿಲ್ಲ. ನಮಗೆ ಮಾರ್ಜಿನ್ ಉಳಿಯಲಿಲ್ಲ. ಹಳೇ ಮಾಲೀಕರಿಗೆ ಟ್ರಂಕಿನ ಲೆಕ್ಕದಲ್ಲಿ ಒಂದು ರೂಪಾಯಿಯೂ ಸೇರಿರಲಿಲ್ಲ. ಆರ್‌ಸಿ ಟ್ರಾನ್ಸ್‌ಫರ್ ಆಯಿತಾ ಅಂತ ಕೇಳಲು ಅವರು ಫೋನ್ ಮಾಡಿದಾಗ ಟ್ರಂಕ್ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಯಾರಾದರೂ ಹೀಗೆ ಸಾಮಾನು ಕೂಡಿಟ್ಟ ಗಾಡಿ ತಂದರೆ ಮೊದಲು ಪಾರ್ಟ್ ನಂಬರ್ ಸ್ಟಿಕ್ಕರ್ ನೋಡುತ್ತೇನೆ. ಲಿನಿಯಾದಲ್ಲೇ 2014ರ ಫೇಸ್‌ಲಿಫ್ಟ್‌ಗೆ ಮುಂಭಾಗ, ಡ್ಯಾಶ್‌ಬೋರ್ಡ್ ಬದಲಾಗಿವೆ, ಹಳೇದಕ್ಕೆ ಹೊಸದು ಕೂರುತ್ತದೆ ಅಂತ ಕಣ್ಣಳತೆಯಲ್ಲಿ ಹೇಳಲಾಗದು. ಸೀಲ್ ಇರುವ ಲೈಟು, ಹ್ಯಾಂಡಲ್, ಸ್ವಿಚ್ಚಿಗೆ ಬೆಲೆ ಇದೆ. ರಬ್ಬರ್ ಸಾಮಾನಿಗೆ ಅಷ್ಟಿಲ್ಲ. ಬುಷ್, ಬೆಲ್ಟು, ಹೋಸ್ ಪೈಪು ಡಬ್ಬಿಯೊಳಗೆ ಕೂತೇ ಬಿರುಕು ಬಿಡುತ್ತವೆ. ಲೋವರ್ ಆರ್ಮ್ ಹೊಸದಾದರೂ ಅದರ ಬುಷ್ ಒತ್ತಿ ನೋಡುತ್ತೇನೆ. ಕಂಪನಿ ಇನ್ನೂ ಕಾರು ಮಾರುತ್ತಿರುವ ಮಾಡೆಲ್ ಆದರೆ ಟ್ರಂಕ್ ಮನೆಗೆ ಒಯ್ಯಿರಿ ಅನ್ನುವುದೇ ಸರಿ. ಹೋದ ಕಂಪನಿಯದ್ದಾದರೆ ಗಾಡಿ, ಸಾಮಾನು ಒಟ್ಟಿಗೇ ಹೋಗಬೇಕು, ಮಾಲೀಕರಿಗೆ ಅದರ ರೇಟೂ ಸಿಗಬೇಕು.

ಇದನ್ನೆಲ್ಲ ರಿಮಾರ್ಕ್ಸ್‌ನಲ್ಲಿ ಬರೆಯುತ್ತೇನೆ. ಜಾಗ ಸಾಲದಿದ್ದರೆ ಹಾಳೆಯಲ್ಲಿ ಬರೆದು ಅದರ ಫೋಟೋ ಹಾಕುತ್ತೇನೆ. ಹೆಡ್ ಆಫೀಸಿನಿಂದ ಮೇಲ್ ಬಂದಿದೆ, ಇನ್ಸ್‌ಪೆಕ್ಷನ್ ಫೋಟೋಗಳಲ್ಲಿ ಕೈಬರಹದ ಚೀಟಿ ಇರಕೂಡದಂತೆ.