ಹಳೆಯ ಪಿಕಪ್ ಹುಡುಕಾಟ

ಬದಿಯಡ್ಕಕ್ಕೆ ಅಡಿಕೆ ಮೂಟೆ ಒಯ್ಯಲೂ ಮನೆಸಾಮಾನು ಸಾಗಿಸಲೂ ಒದಗುವ ಹಳೆಯ ಬೊಲೆರೊ ಪಿಕಪ್ ಒಂದನ್ನು ಹುಡುಕುತ್ತಿದ್ದೇನೆ. ಹೊಸ ಬಣ್ಣದಿಂದ ಮಿರುಗುತ್ತಿದ್ದ ಗಾಡಿಯೊಂದರ ಅಡಿಗೆ ಬಗ್ಗಿ ನೋಡಿದರೆ, ಮೀನಿನ ಪೆಟ್ಟಿಗೆಗಳಿಂದ ಸೋರಿದ ಉಪ್ಪುನೀರಿಗೆ ಚಾಸಿಸ್ (ಗಾಡಿಯನ್ನು ಹೊರುವ ಅಡಿಚೌಕಟ್ಟು) ಪದರ ಪದರವಾಗಿ ಎದ್ದು, ಸ್ಕ್ರೂಡ್ರೈವರ್ ತಾಗಿಸಿದಲ್ಲೆಲ್ಲ ತುಕ್ಕು ಉದುರುತ್ತಿತ್ತು. ಎಂಜಿನ್ ಬಿಚ್ಚಿ ಕಟ್ಟಿಸಬಹುದು, ಸ್ಪ್ರಿಂಗ್ ಪ್ಲೇಟು ಬದಲಿಸಬಹುದು. ತುಕ್ಕು ತಿಂದ ಚಾಸಿಸ್‌ಗೆ ಹಣ ಸುರಿಯುವುದು ಮಾತ್ರ ಶುದ್ಧ ದಂಡ. ಪುತ್ತೂರಿನ ಕೆಎ 21 ಗಾಡಿಯೊಂದು ಗಟ್ಟಿಮುಟ್ಟಾಗಿದೆಯಾದರೂ, ಅದನ್ನು ಕೇರಳಕ್ಕೆ ಸೇರಿದ ನಮ್ಮ ಕಾಸರಗೋಡಿನ ಕೆಎಲ್ 14 ಮಾಡಿಸಲು ಅಲ್ಲಿನ ಆರ್‌ಟಿಓ ಕಚೇರಿಯ ನಿರಾಕ್ಷೇಪಣಾ ಪತ್ರ, ಇಲ್ಲಿನ ತೆರಿಗೆ, ಮರುನೋಂದಣಿ ಎಲ್ಲವನ್ನೂ ಬೆಲೆಗೆ ಸೇರಿಸಿಯೇ ಲೆಕ್ಕ ಹಾಕಬೇಕು. (ನಮಗೆ ಗಡಿ ದಾಟುವುದು ದಿನನಿತ್ಯದ ಕೆಲಸ, ಗಾಡಿಗೆ ಹಾಗಲ್ಲ!) 8 ವರ್ಷ ಕಳೆದ ಸರಕು ವಾಹನಕ್ಕೆ ವರ್ಷವರ್ಷವೂ ಫಿಟ್‌ನೆಸ್ ಮಾಡಿಸಬೇಕಾದ್ದರಿಂದ, ಅದಕ್ಕಿಂತ ಹೊಸದೊಂದು ಪೆರ್ಲ, ಮುಳ್ಳೇರಿಯ ಕಡೆ ಇದ್ದರೆ ದಯವಿಟ್ಟು ತಿಳಿಸಿ.